ಮಳೆಗಾಲದ ಮಲೆನಾಡ ಯಾತ್ರೆಗೆ ಮನೆಯ ದುರ್ಬಲರೇ ಅಳತೆಯಾಗಲಿ

ಕಾರಹುಣ್ಣಿಮೆ ಕಳೆದು ಮುಂಗಾರು ಚುರುಕುಗೊಂಡಿತೆಂದರೆ ನಮ್ಮ ಬಯಲುಸೀಮೆಯ ಭಕ್ತಬಾಂಧವರ ಮನಸ್ಸು ಪಶ್ಚಿಮದ ಮಲೆನಾಡಿನ ಕಡೆಗೆ ಹರಿಯತೊಡಗುತ್ತದೆ. ಒಂದು ಟೆಂಪೊ ಟ್ರಾವೆಲರ್ ಗೊತ್ತುಮಾಡಿ, ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಟು, ಉಳವಿ, ಜೋಗ, ಸಿಗಂದೂರು, ಮುರುಡೇಶ್ವರ, ಧರ್ಮಸ್ಥಳಗಳನ್ನು ಎರಡು ಹಗಲಿನಲ್ಲಿ ಮುಗಿಸಿ, ಸೋಮವಾರ ಬೆಳಗಾಗುವುದರೊಳಗೆ ಕಾಯಕಕ್ಕೆ ಮರಳುವ ಯೋಜನೆ ಸಿದ್ಧವಾಗುತ್ತದೆ. ಆ ವಾಹನದಲ್ಲಿ ಎಪ್ಪತ್ತೈದರ ಅಜ್ಜಿ ಇರುತ್ತಾರೆ, ಮೊಣಕಾಲು ನೋವಿನ ತಾಯಿ ಇರುತ್ತಾರೆ, ಸಕ್ಕರೆ ಕಾಯಿಲೆಯ ತಂದೆ ಇರುತ್ತಾರೆ, ಎರಡು ವರ್ಷದ ಕೂಸೂ ಇರುತ್ತದೆ. ಆದರೆ ಯೋಜನೆಯನ್ನು ರೂಪಿಸಿದವರು ಇವರಲ್ಲಿ ಯಾರೂ ಅಲ್ಲ. ಮೂವತ್ತರ ಹರೆಯದ ಗಟ್ಟಿಮುಟ್ಟಾದ ಮಗನೋ ಅಳಿಯನೋ ಮೊಬೈಲಿನಲ್ಲಿ ದೂರವನ್ನು ನೋಡಿ, ತನ್ನ ಮೈಯ ಶಕ್ತಿಗೆ ತಕ್ಕಂತೆ ಅದನ್ನು ರೂಪಿಸಿರುತ್ತಾನೆ.

ಹಲವು ದಶಕಗಳಿಂದ ವೈದ್ಯವೃತ್ತಿಯಲ್ಲಿರುವ ನನಗೆ ಶ್ರಾವಣ, ಭಾದ್ರಪದ ಮಾಸಗಳಲ್ಲಿ ಜ್ವರ, ಭೇದಿ, ಕೀಲುನೋವು, ಉರಿಮೂತ್ರವೆಂದು ಬರುವವರನ್ನು "ಈಚೆಗೆ ಪ್ರವಾಸಕ್ಕೇನಾದರೂ ಹೋಗಿದ್ದಿರಾ?" ಎಂದು ಮೊದಲು ಕೇಳುವುದು ರೂಢಿಯಾಗಿದೆ. ಹೌದೆನ್ನುವವರು ಕಡಿಮೆಯಿಲ್ಲ. ಮತ್ತು ಹಾಗೆ ಬಂದವರಲ್ಲಿ ಹೆಚ್ಚಿನವರು ಯೋಜನೆ ಮಾಡಿದವರಲ್ಲ. ಯೋಜನೆಯೊಳಗೆ ಕುಳಿತು ಹೋದವರು. ಆದುದರಿಂದ ಈ ಲೇಖನದಲ್ಲಿ ನಾನು ಹೇಳಬಯಸುವುದು ಇಷ್ಟೆ: ಮಳೆಗಾಲದ ಮಲೆನಾಡಿಗೆ ಹೋಗುವ ಪ್ರಯಾಣವನ್ನು ನೋಡಬೇಕಾದ ಸ್ಥಳಗಳ ಸಂಖ್ಯೆಯಿಂದ ಅಳೆಯಬಾರದು. ಜೊತೆಯಲ್ಲಿರುವವರ ಪೈಕಿ ಅತ್ಯಂತ ದುರ್ಬಲರಾದವರ ದೇಹದಿಂದ ಅಳೆಯಬೇಕು. ಆ ಅಳತೆಗೆ ಒಗ್ಗದಿದ್ದರೆ ಪ್ರಯಾಣವನ್ನು ಮುಂದೂಡುವ ಧೈರ್ಯ ಮನೆಯ ಯಜಮಾನನಿಗಿರಬೇಕು.

ಋತು ಮತ್ತು ಜಠರಾಗ್ನಿ

ಚರಕಸಂಹಿತೆಯೂ ಅಷ್ಟಾಂಗಹೃದಯವೂ ಋತುಚರ್ಯೆಯ ಅಧ್ಯಾಯಗಳಲ್ಲಿ ವರ್ಷಾಋತುವಿನ ಬಗ್ಗೆ ಒಂದೇ ಮಾತನ್ನು ಒತ್ತಿ ಹೇಳುತ್ತವೆ. ಬೇಸಿಗೆಯಲ್ಲಿ ಮೊದಲೇ ಕುಂದಿದ ಜಠರಾಗ್ನಿಯು ಮಳೆಗಾಲದಲ್ಲಿ ಇನ್ನಷ್ಟು ಮಂದವಾಗುತ್ತದೆ, ವಾತವು ಕೆರಳುತ್ತದೆ, ನೀರು ಕೆಡುತ್ತದೆ. ಆದ್ದರಿಂದಲೇ ಈ ಋತುವಿನಲ್ಲಿ ಹೊಳೆಯ ನೀರು, ಹಗಲುನಿದ್ರೆ, ಅತಿಯಾದ ಆಯಾಸ ಇವುಗಳನ್ನು ವರ್ಜಿಸಬೇಕೆಂದೂ, ಕಾಯಿಸಿದ ನೀರು, ಹಳೆಯ ಧಾನ್ಯ, ಹೆಸರುಬೇಳೆಯ ಕಟ್ಟು ಮುಂತಾದ ಲಘು ಆಹಾರವನ್ನು ಸೇವಿಸಬೇಕೆಂದೂ, ತೇವವಿಲ್ಲದ ಬೆಚ್ಚನೆಯ ಸ್ಥಳದಲ್ಲಿ ವಾಸಿಸಬೇಕೆಂದೂ ನಮ್ಮ ಆಚಾರ್ಯರು ವಿಧಿಸಿದರು. ವಾಗ್ಭಟಾಚಾರ್ಯರು ಬಟ್ಟೆಗಳಿಗೆ ಧೂಪದ ಹೊಗೆ ಕೊಡುವುದನ್ನೂ ಹೇಳಿದ್ದಾರೆ. ಒದ್ದೆ ಬಟ್ಟೆಯ ತೊಂದರೆ ಎಷ್ಟೆಂಬುದು ಮಲೆನಾಡಿನಲ್ಲಿ ಎರಡು ದಿನ ಕಳೆದವರಿಗೆ ತಾನಾಗಿ ತಿಳಿಯುತ್ತದೆ.

ಈಗ ನಮ್ಮ ಎರಡು ದಿನದ ಯಾತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ರಾತ್ರಿಯಿಡೀ ಕುಳಿತಲ್ಲಿಯೇ ನಿದ್ರೆಗೆಟ್ಟ ಪ್ರಯಾಣ, ಬೆಳಿಗ್ಗೆ ತಣ್ಣೀರ ಸ್ನಾನ, ಮಧ್ಯಾಹ್ನ ಮೂರಕ್ಕೆ ಸಿಕ್ಕಲ್ಲಿ ಊಟ, ಮಳೆಯ ನಡುವೆ ಬಿಸಿಬಿಸಿ ಮಿರ್ಚಿ ಭಜಿ, ವಾಹನದಲ್ಲಿ ಹಗಲುನಿದ್ರೆ, ಝರಿಯ ನೀರು "ಶುದ್ಧವಾದದ್ದು" ಎಂದು ಬೊಗಸೆಯಲ್ಲಿ ಹಿಡಿದು ಕುಡಿಯುವುದು, ಒದ್ದೆಯಾದ ಕಾಲುಚೀಲವನ್ನೇ ಸಂಜೆಯವರೆಗೆ ಧರಿಸುವುದು. ಶಾಸ್ತ್ರ ಬಿಡೆಂದದ್ದನ್ನೆಲ್ಲ ನಲವತ್ತೆಂಟು ಗಂಟೆಗಳಲ್ಲಿ ಒಟ್ಟುಗೂಡಿಸಿದಂತಾಯಿತು. ಮೂವತ್ತರ ಮಗ ಇದನ್ನು ತಡೆದುಕೊಳ್ಳುತ್ತಾನೆ. ಎಪ್ಪತ್ತೈದರ ತಾಯಿಯ ದೇಹ ತಡೆದುಕೊಳ್ಳುವುದಿಲ್ಲ.

ಹಿರಿಯರು ಆರಿಸಿಕೊಂಡ ಕಾಲ

ನಮ್ಮ ಸೀಮೆಯವರಿಗೆ ಮಲೆನಾಡಿನ ಯಾತ್ರೆ ಹೊಸದಲ್ಲ. ಚೆನ್ನಬಸವಣ್ಣನವರು ಲಿಂಗೈಕ್ಯರಾದ ಉಳವಿಗೆ ಧಾರವಾಡ, ಬೆಳಗಾವಿ ಭಾಗದ ರೈತರು ಚಕ್ಕಡಿ ಕಟ್ಟಿಕೊಂಡು ಹೋಗುವ ಪರಂಪರೆ ಇಂದಿಗೂ ಉಳಿದಿದೆ. ಆ ಯಾತ್ರೆ ಯಾವಾಗ ನಡೆಯುತ್ತದೆ? ಮಾಘಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ. ಸುಗ್ಗಿಯ ಕೆಲಸ ಹಗುರಾಗಿರುತ್ತದೆ, ದಾರಿಯ ಕೆಸರು ಒಣಗಿರುತ್ತದೆ, ಹಳ್ಳಗಳು ಇಳಿದಿರುತ್ತವೆ, ಎತ್ತುಗಳಿಗೆ ಗೊರಸು ಕೊಳೆಯುವ ಭಯವಿರುವುದಿಲ್ಲ. ದಾರಿಯಲ್ಲಿ ಅಲ್ಲಲ್ಲಿ ಇಳಿದು, ಬುತ್ತಿ ಬಿಚ್ಚಿ, ಎತ್ತುಗಳಿಗೆ ನೀರು ಕುಡಿಸಿ, ರಾತ್ರಿ ತಂಗಿ ಮುಂದಕ್ಕೆ ಸಾಗುವುದು ಅದರ ಕ್ರಮ. ಎತ್ತಿನ ದಣಿವೇ ಆ ಪ್ರಯಾಣದ ವೇಗವನ್ನು ನಿಶ್ಚಯಿಸುತ್ತಿತ್ತು. ಹಾಗಾಗಿ ಅದರಲ್ಲಿ ವೃದ್ಧರೂ ಬಾಣಂತಿಯರೂ ಸುರಕ್ಷಿತವಾಗಿ ಹೋಗಿಬರುತ್ತಿದ್ದರು.

ಇಂದು ಎತ್ತಿನ ಬದಲು ಯಂತ್ರ ಬಂದಿದೆ, ಯಂತ್ರಕ್ಕೆ ದಣಿವಿಲ್ಲ. ದಾಂಡೇಲಿ, ಜೋಯಿಡಾಗಳ ಕಾಡಿನ ದಾರಿಯಲ್ಲಿ ಆಷಾಢದ ಮಳೆಯಲ್ಲಿಯೂ ವಾಹನ ಹೋಗಬಲ್ಲದು. ಆದರೆ ಮರ ಉರುಳಿ ದಾರಿ ಮುಚ್ಚಿದರೆ, ವಿದ್ಯುತ್ತು ಹೋಗಿ ಮೊಬೈಲಿನ ಸಂಕೇತವೂ ನಿಂತರೆ, ಒಳಗೆ ಕುಳಿತವರಲ್ಲಿ ಒಬ್ಬರಿಗೆ ಉಸಿರು ಕಟ್ಟತೊಡಗಿದರೆ, ಯಂತ್ರದ ಶಕ್ತಿಯಿಂದ ಪ್ರಯೋಜನವಿಲ್ಲ. ಉಳವಿಯ ಆಕಳ ಗವಿ, ಮಹಾಮನೆ ಗವಿಗಳಿಗೆ ಹೋಗುವ ಕಾಲುದಾರಿ ಮಾಘದಲ್ಲಿ ಇರುವಂತೆ ಶ್ರಾವಣದಲ್ಲಿ ಇರುವುದಿಲ್ಲ. ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ತೊಡೆಯ ಮೂಳೆ ಮುರಿದುಕೊಂಡ ವೃದ್ಧರು ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ. ಹಿರಿಯರು ಮಾಘವನ್ನು ಆರಿಸಿಕೊಂಡುದರಲ್ಲಿ ಭಕ್ತಿಯೊಡನೆ ವಿವೇಕವೂ ಇತ್ತೆಂಬುದು ನನ್ನ ನಂಬಿಕೆ.

ಬೆಟ್ಟದ ಮಳೆ ನಮ್ಮ ಮಳೆಯಲ್ಲ

ಗದಗ, ಕೊಪ್ಪಳ, ವಿಜಯಪುರದ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿಲಿಮೀಟರನ್ನು ಮೀರುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರು ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಸಾಮಾನ್ಯವಾಗಿ ಇವುಗಳಿಗೆ ಅನುಸಾರವಾಗಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೀಡುತ್ತಾರೆ. ಕೆಂಪು ಎಚ್ಚರಿಕೆ ಎಂದರೆ ನಮ್ಮ ಊರಿನಲ್ಲಿ ನಾಲ್ಕು ತಿಂಗಳು ಕಾದು ಪಡೆಯುವ ಮಳೆ ಅಲ್ಲಿ ಒಂದೇ ಹಗಲುರಾತ್ರಿಯಲ್ಲಿ ಸುರಿಯಬಹುದೆಂದು ಅರ್ಥ. ಬಯಲಿನವರಾದ ನಮಗೆ ಇದರ ಅಂದಾಜು ಸುಲಭವಾಗಿ ಆಗುವುದಿಲ್ಲ.

ಈಚಿನ ವರ್ಷಗಳನ್ನು ನೆನೆಯಿರಿ. 2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಮಡಿಕೇರಿ ಮಂಗಳೂರಿನ ದಾರಿ ಮುಚ್ಚಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟ ಹಲವೆಡೆ ಕುಸಿದು ಸಂಚಾರ ನಿಂತಿತು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿಯ ಮಗ್ಗುಲು ಜಾರಿ ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು, ದಾರಿಯ ಪಕ್ಕದ ಚಹಾ ಅಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಅದೇ ಜುಲೈ 30ರ ನಡುರಾತ್ರಿಯ ನಂತರ ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ನಿದ್ರಿಸುತ್ತಿದ್ದ ನೂರಾರು ಜನ ಪ್ರಾಣ ಕಳೆದುಕೊಂಡರು. ನಮ್ಮ ರೈತಬಂಧುಗಳು ಪಂಚಾಂಗ ನೋಡಿದರೆ ಇವೆಲ್ಲವೂ ಪುನರ್ವಸುವಿನಿಂದ ಮಘೆಯ ಮಳೆಯ ನಡುವೆ ನಡೆದವೆಂಬುದು ಕಾಣುತ್ತದೆ. ಈ ನಕ್ಷತ್ರಗಳಲ್ಲಿ ನಾವು ಬಿತ್ತನೆಯನ್ನು ಲೆಕ್ಕಹಾಕುತ್ತೇವೆ; ಪ್ರಯಾಣವನ್ನೂ ಲೆಕ್ಕಹಾಕಬೇಕು.

ಇದರಿಂದ ಕೆಲವು ಸರಳ ನಿಯಮಗಳು ಹುಟ್ಟುತ್ತವೆ. ಹೊರಡುವ ಹಿಂದಿನ ದಿನವೂ, ಅಲ್ಲಿ ತಂಗಿರುವ ಪ್ರತಿ ಬೆಳಿಗ್ಗೆಯೂ ಹೋಗುವ ಜಿಲ್ಲೆಯ ಎಚ್ಚರಿಕೆಯ ಬಣ್ಣವನ್ನು ನೋಡಬೇಕು. ಕಿತ್ತಳೆಯಿದ್ದರೆ ಇದ್ದಲ್ಲೇ ಇರಬೇಕು, ಕೆಂಪಿದ್ದರೆ ಊರಿನಿಂದ ಹೊರಡಲೇಬಾರದು. ಘಟ್ಟದ ದಾರಿಯನ್ನು ಹಗಲಿನಲ್ಲೇ ದಾಟಿ, ಸಂಜೆ ಐದರೊಳಗೆ ತಂಗುವ ಮನೆ ಸೇರಬೇಕು. ಕಡಿದಾಗಿ ಕತ್ತರಿಸಿದ ಗುಡ್ಡದ ಬುಡದಲ್ಲಿ ಚಹಾಕ್ಕಾಗಲಿ, ಛಾಯಾಚಿತ್ರಕ್ಕಾಗಲಿ ವಾಹನ ನಿಲ್ಲಿಸಬಾರದು. ವಸತಿ ಗೊತ್ತುಮಾಡುವಾಗ ಕಿಟಕಿಯಿಂದ ಕಾಣುವ ನೋಟವನ್ನು ಕೇಳುವ ಮೊದಲು, ಮನೆಯ ಹಿಂದೆ ಗುಡ್ಡ ಕಡಿದಿದ್ದಾರೆಯೇ, ಪಕ್ಕದಲ್ಲಿ ಹಳ್ಳವಿದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಕೇಳಬೇಕು. ತಿಳಿನೀರಿನ ಹಳ್ಳ ಒಮ್ಮೆಲೇ ಕೆಂಪಗಾದರೆ, ಅಥವಾ ಮಳೆ ಸುರಿಯುತ್ತಿದ್ದರೂ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ, ಮೇಲೆ ಎಲ್ಲೋ ಮಣ್ಣು ಜಾರಿರಬಹುದೆಂದು ತಿಳಿದು ಕೂಡಲೇ ಎತ್ತರದ ಗಟ್ಟಿನೆಲಕ್ಕೆ ಸರಿಯಬೇಕು.

ಜಲಪಾತಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ನಾವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಮಳೆ ಬಿದ್ದಿರಬಹುದು. ನೀರು ಕ್ಷಣಾರ್ಧದಲ್ಲಿ ಏರುತ್ತದೆ. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋಣಾವಳದ ಭುಶಿ ಅಣೆಕಟ್ಟೆಯ ಬಳಿ ಬಂಡೆಯ ಮೇಲೆ ನಿಂತಿದ್ದ ಒಂದೇ ಕುಟುಂಬದ ಐವರು ಹೀಗೆಯೇ ಕೊಚ್ಚಿಹೋದರು. ಅವರಲ್ಲಿ ನಾಲ್ವರು ಮಕ್ಕಳು. ಜಿಲ್ಲಾಡಳಿತ ಪ್ರವೇಶ ನಿಷೇಧಿಸಿದ್ದರೆ ಬೇಲಿ ಸರಿಸಿ ಒಳಹೋಗುವುದು ಸಾಹಸವಲ್ಲ. ಜೋಗವನ್ನು ಕಟ್ಟೆಯಾಚೆಯಿಂದ ನೋಡಿದರೂ ಅದು ಜೋಗವೇ.

ಯಾರು ಹೋಗಬೇಕು, ಯಾರು ನಿಲ್ಲಬೇಕು

ಪ್ರಯಾಣದ ಮಾತು ಬಂದಾಗ ಮೊದಲು ಜೊತೆಗಾರರ ಪಟ್ಟಿಯನ್ನು ಬರೆಯಿರಿ. ಸ್ಥಳಗಳ ಪಟ್ಟಿಯನ್ನು ಆಮೇಲೆ ಬರೆಯಿರಿ. ಪ್ರತಿ ಹೆಸರಿನ ಮುಂದೆ ವಯಸ್ಸು, ಇರುವ ಕಾಯಿಲೆ, ಸೇವಿಸುವ ಔಷಧಿ, ನಿಲ್ಲದೆ ಎಷ್ಟು ದೂರ ನಡೆಯಬಲ್ಲರು ಎಂಬುದನ್ನು ನಮೂದಿಸಿರಿ. ಈಚೆಗೆ ಹೃದಯದ ಚಿಕಿತ್ಸೆ ಪಡೆದವರು, ರಕ್ತದೊತ್ತಡ ಅಥವಾ ಸಕ್ಕರೆ ಹತೋಟಿಗೆ ಬಾರದವರು, ತೇವದ ಗಾಳಿಗೆ ಉಬ್ಬಸ ಕೆರಳುವವರು, ತುಂಬುಗರ್ಭಿಣಿಯರು, ವರ್ಷ ತುಂಬದ ಕೂಸುಗಳು ಆಷಾಢ, ಶ್ರಾವಣಗಳಲ್ಲಿ ಘಟ್ಟದ ಪ್ರಯಾಣ ಮಾಡದಿರುವುದೇ ಲೇಸು. ಅವರನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಉಳಿದವರು ಹೋಗುವುದೂ ಸಲ್ಲದು. ಎಲ್ಲರೂ ಕೂಡಿ ಹೋಗಬಹುದಾದ ಕಾಲಕ್ಕೆ ಪ್ರಯಾಣವನ್ನು ತಳ್ಳುವುದು ಸರಿಯಾದ ಮಾರ್ಗ.

ಉಳಿದವರು ಹೋಗುವುದಾದರೆ ಒಂದು ಊರು, ಎರಡು ರಾತ್ರಿ ಎಂಬುದು ನನ್ನ ಸಲಹೆ. ಒಂದೇ ಕಡೆ ತಂಗಿದರೆ ಬಟ್ಟೆ ಒಣಗುತ್ತದೆ, ಊಟಕ್ಕೆ ಹೊತ್ತುಗೊತ್ತು ಇರುತ್ತದೆ, ನಿದ್ರೆ ಆಗುತ್ತದೆ, ಮಳೆ ಹೆಚ್ಚಾದರೆ ಸುಮ್ಮನೆ ಕುಳಿತು ನೋಡಲೂ ಆಗುತ್ತದೆ. ಐದು ಸ್ಥಳಗಳನ್ನು ಕಾರಿನ ಗಾಜಿನೊಳಗಿಂದ ನೋಡಿ ಬಂದವರಿಗಿಂತ ಒಂದೇ ಸ್ಥಳದಲ್ಲಿ ಶಾಂತವಾಗಿ ಕುಳಿತು ಬಂದವರ ಮನಸ್ಸು ಹೆಚ್ಚು ತಿಳಿಯಾಗಿರುವುದನ್ನು ನಾನು ಕಂಡಿದ್ದೇನೆ.

ಇಲ್ಲಿ ಚಾಲಕನ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಎರಡು ದಿನದ ಯೋಜನೆಯಲ್ಲಿ ಎಲ್ಲರಿಗೂ ಕೋಣೆ ಗೊತ್ತಾಗಿರುತ್ತದೆ. ಚಾಲಕ ಮಾತ್ರ ವಾಹನದ ಆಸನದಲ್ಲಿ ಸೊಳ್ಳೆಗಳ ನಡುವೆ ಮಲಗುತ್ತಾನೆ. ನಿದ್ರೆಗೆಟ್ಟ ಆ ಒಬ್ಬನ ಕೈಯಲ್ಲಿ ಹನ್ನೆರಡು ಜನರ ಪ್ರಾಣವಿರುತ್ತದೆ. ಆಗುಂಬೆ ಘಟ್ಟದ ಹದಿನಾಲ್ಕು ಕಡುತಿರುವುಗಳನ್ನು ಮಂಜಿನಲ್ಲಿ ಇಳಿಯುವವನಿಗೆ ಹಿಂದಿನ ರಾತ್ರಿ ಏಳು ಗಂಟೆಯ ನಿದ್ರೆ ಬೇಕು. ದಾಸೋಹದ ಪರಂಪರೆಯ ನಾವು ಅವನಿಗೆ ನಮ್ಮ ಪಂಕ್ತಿಯಲ್ಲೇ ಊಟ, ಒಂದು ಒಣ ಹಾಸಿಗೆ ಕೊಡುವುದು ಧರ್ಮವೂ ಹೌದು, ಸುರಕ್ಷತೆಯೂ ಹೌದು.

ಯಾರೂ ಕೇಳದ ಒಂದು ತೊಂದರೆ

ನಮ್ಮ ಹೆಣ್ಣುಮಕ್ಕಳು ಪ್ರಯಾಣದ ದಿನ ನೀರು ಕುಡಿಯುವುದಿಲ್ಲ. ದಾರಿಯಲ್ಲಿ ಶೌಚಾಲಯ ಸಿಗುವುದೋ ಇಲ್ಲವೋ, ಸಿಕ್ಕರೂ ಶುಚಿಯಾಗಿರುವುದೋ ಇಲ್ಲವೋ, ಗಂಡಸರ ಮುಂದೆ ವಾಹನ ನಿಲ್ಲಿಸಿರೆಂದು ಹೇಳುವುದು ಹೇಗೋ ಎಂಬ ಸಂಕೋಚದಿಂದ ಬೆಳಗಿನಿಂದ ಸಂಜೆಯವರೆಗೆ ಬಾಯಾರಿಕೊಂಡೇ ಇರುತ್ತಾರೆ. ಆಯುರ್ವೇದವು ತಡೆಹಿಡಿಯಬಾರದ ಹದಿಮೂರು ವೇಗಗಳನ್ನು ಹೇಳಿದೆ. ಮೂತ್ರವೇಗ ಅವುಗಳಲ್ಲಿ ಪ್ರಮುಖವಾದದ್ದು. ಅದನ್ನು ತಡೆದುದರ ಫಲವಾಗಿ ಮೂರನೆಯ ದಿನ ಉರಿಮೂತ್ರ, ಚಳಿಜ್ವರವೆಂದು ಬರುವ ತಾಯಂದಿರನ್ನು ನಾನು ಪ್ರತಿ ಮಳೆಗಾಲದಲ್ಲಿ ನೋಡುತ್ತೇನೆ. ಹೃದಯದ ತೊಂದರೆಗೆ ಮೂತ್ರ ಹೆಚ್ಚಿಸುವ ಗುಳಿಗೆ ಸೇವಿಸುವ ಹಿರಿಯರು ಅದೇ ಸಂಕೋಚದಿಂದ ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಕಾಲು ಬಾತು ಉಸಿರಾಡಲು ಕಷ್ಟಪಡುತ್ತಾರೆ. ಗುಳಿಗೆಯ ಹೊತ್ತನ್ನು ಪ್ರಯಾಣಕ್ಕೆ ಹೊಂದಿಸಿಕೊಳ್ಳುವ ಬಗೆಯನ್ನು ಹೊರಡುವ ಮೊದಲೇ ತಮ್ಮ ವೈದ್ಯರಲ್ಲಿ ಕೇಳಬೇಕು.

ಇದಕ್ಕೆ ಪರಿಹಾರ ಬಹಳ ಸುಲಭ. ಯಾರೂ ಕೇಳುವ ಮೊದಲೇ ಎರಡು ಗಂಟೆಗೊಮ್ಮೆ ಶೌಚಾಲಯವಿರುವ ಸ್ಥಳದಲ್ಲಿ ವಾಹನ ನಿಲ್ಲಬೇಕೆಂದು ಯೋಜನೆಯಲ್ಲಿಯೇ ಬರೆದಿಡಬೇಕು. ಅದರಿಂದ ಕುಳಿತು ಬಾತ ಕಾಲುಗಳಿಗೂ ನಾಲ್ಕು ಹೆಜ್ಜೆಯ ಚಲನೆ ಸಿಗುತ್ತದೆ. ಯೋಜನೆ ಮಾಡುವಾಗ ಮನೆಯ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇಂತಹ ಹತ್ತು ಮಾತುಗಳು ತಾವಾಗಿ ಹೊರಬರುತ್ತವೆ.

ಅನ್ನ, ನೀರು, ಔಷಧಿ

ನೀರನ್ನು ಚೆನ್ನಾಗಿ ಕುದಿಸಿ ಆರಿಸಿದ್ದನ್ನೇ ಕುಡಿಯಬೇಕು. ತಿಳಿಯಾಗಿ ಕಾಣುವ ನೀರು ಶುದ್ಧವಾಗಿರಲೇಬೇಕೆಂದಿಲ್ಲ. ಮೇಲ್ಗಡೆ ದನಕರು, ಕಾಡುಪ್ರಾಣಿಗಳ ಮಲಮೂತ್ರ ಸೇರಿದುದು ಕಣ್ಣಿಗೆ ಕಾಣುವುದಿಲ್ಲ. ಶುಂಠಿ, ಕೊತ್ತಂಬರಿ ಬೀಜ, ಜೀರಿಗೆಗಳನ್ನು ಜಜ್ಜಿ ಹಾಕಿ ಕುದಿಸಿದ ನೀರು ಅಗ್ನಿಯನ್ನೂ ಕಾಪಾಡುತ್ತದೆ. ಘಟ್ಟದ ತಿರುವಿನಲ್ಲಿ ವಾಂತಿಯಾಗುವವರು ಖಾಲಿ ಹೊಟ್ಟೆಯಲ್ಲೂ ಇರಬಾರದು, ತುಂಬಿದ ಹೊಟ್ಟೆಯಲ್ಲೂ ಇರಬಾರದು. ಮುಂದಿನ ಆಸನದಲ್ಲಿ ಕುಳಿತು ದೂರದ ದಾರಿಯನ್ನು ನೋಡುತ್ತ, ಸ್ವಲ್ಪ ಶುಂಠಿಯನ್ನು ಬಾಯಲ್ಲಿಟ್ಟುಕೊಳ್ಳಬೇಕು. ಊಟಕ್ಕೆ ಬಿಸಿ ಅನ್ನ, ಹೆಸರುಬೇಳೆಯ ಸಾರು, ತುಪ್ಪ, ಅಥವಾ ಮಲೆನಾಡಿನವರ ಗಂಜಿ ಉತ್ತಮ. ನಮ್ಮ ಕಟಕಲು ರೊಟ್ಟಿ, ಶೇಂಗಾ ಚಟ್ನಿ ದಾರಿಯ ಬುತ್ತಿಗೆ ಸೈ. ಕರಿದದ್ದನ್ನು ನಾಲಗೆಯ ತೃಪ್ತಿಗೆ ಒಂದೆರಡು ತಿಂದರೆ ಸಾಕು, ಹೊಟ್ಟೆ ತುಂಬಿಸುವುದಕ್ಕಲ್ಲ.

ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಓ.ಆರ್.ಎಸ್. ಪೊಟ್ಟಣ ಬೆರೆಸಿ ಆಗಾಗ ಗುಟುಕರಿಸಬೇಕು. ಪೊಟ್ಟಣವಿಲ್ಲದಿದ್ದರೆ ಅದೇ ಪ್ರಮಾಣದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಗುವಾಗಲಿ ವೃದ್ಧರಾಗಲಿ ಮಂಕಾಗಿ ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಕಾಯಬಾರದು.

ನಿತ್ಯದ ಔಷಧಿಗಳನ್ನು ಬೇಕಾದುದಕ್ಕಿಂತ ಐದು ದಿನ ಹೆಚ್ಚಾಗಿ, ಎರಡು ಪಾಲು ಮಾಡಿ ಎರಡು ಚೀಲಗಳಲ್ಲಿಡಬೇಕು. ದಾರಿ ಮುಚ್ಚಿದರೆ ಆ ಐದು ದಿನವೇ ರಕ್ಷಣೆ. ಒಂದು ಕಾಗದದ ಮೇಲೆ ಎಲ್ಲರ ಕಾಯಿಲೆ, ಔಷಧಿ, ಊರಿನ ಬಂಧುಗಳ ದೂರವಾಣಿ ಸಂಖ್ಯೆಗಳನ್ನು ಬರೆದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಡಬೇಕು, ಏಕೆಂದರೆ ಮೊಬೈಲು ನೆನೆಯುತ್ತದೆ, ಸತ್ತುಹೋಗುತ್ತದೆ. ತುರ್ತಿಗೆ 112, ಆಂಬುಲೆನ್ಸಿಗೆ 108, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಗೆ 1077 ಎಂಬುದನ್ನೂ ಅದರಲ್ಲೇ ಬರೆಯಿರಿ.

ಇಂಬಳ, ಹಾವು, ನಿಂತ ನೀರು

ಮಲೆನಾಡಿನವರು ಇಂಬಳವೆಂದು ಕರೆಯುವ ನೆಲದ ಜಿಗಣೆ ಬಯಲಿನವರಿಗೆ ಮಹಾಭಯ. ಸುಶ್ರುತಾಚಾರ್ಯರು ಹನ್ನೆರಡು ಬಗೆಯ ಜಿಗಣೆಗಳನ್ನು ಹೇಳಿ, ಆರು ಸವಿಷ, ಆರು ನಿರ್ವಿಷ ಎಂದು ವಿಂಗಡಿಸಿ, ನಿರ್ವಿಷವಾದವನ್ನು ರಕ್ತಮೋಕ್ಷಣಕ್ಕೆ ಬಳಸಿದರು. ಕಾಡಿನ ಇಂಬಳ ಕಚ್ಚಿದರೆ ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ. ಅದನ್ನು ಜಗ್ಗಿ ಕೀಳದೆ, ಉಗುರಿನಿಂದ ಬಾಯಿಯ ಕಡೆ ಮೆಲ್ಲಗೆ ಸರಿಸಿ ಬಿಡಿಸಿ, ಸಾಬೂನಿನಿಂದ ತೊಳೆದು, ಒಣ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು. ಆದರೆ ಹೃದಯದ ಕಾಯಿಲೆಗಾಗಿ ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ಸೇವಿಸುವವರಿಗೆ ರಕ್ತ ಬಹಳ ಹೊತ್ತು ಹರಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಆ ಚಿಕ್ಕ ಗಾಯವೇ ಹುಣ್ಣಾಗುತ್ತದೆ. ಇವರಿಬ್ಬರೂ ಹುಲ್ಲು, ತರಗೆಲೆಗಳ ದಾರಿಗೆ ಇಳಿಯದಿರುವುದು ಒಳಿತು. ದೇವಾಲಯದ ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ನಡೆದ ಮೇಲೆ ಪಾದಗಳನ್ನು ತೊಳೆದು, ಬೆರಳುಗಳ ಸಂದಿಯನ್ನೂ ಒರೆಸಿ, ರಾತ್ರಿ ಮಲಗುವ ಮುನ್ನ ಬೆಳಕಿನಲ್ಲಿ ಒಮ್ಮೆ ಪರೀಕ್ಷಿಸಬೇಕು.

ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಇವಾವುದನ್ನೂ ಮಾಡಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ಅಗದತಂತ್ರವು ಆಯುರ್ವೇದದ ಎಂಟು ಅಂಗಗಳಲ್ಲಿ ಒಂದೆಂಬ ಹೆಮ್ಮೆ ನನಗೂ ಇದೆ. ಆದರೂ ವಿಷ ನಿರೋಧಕ ಚುಚ್ಚುಮದ್ದು ಮೊದಲು, ಉಳಿದ ಮಾತೆಲ್ಲ ಅನಂತರ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ನಿಂತ ನೀರಿನಲ್ಲಿ ಬರಿಗಾಲಿನಿಂದ ನಡೆಯುವುದು ಇಲಿಜ್ವರಕ್ಕೆ ದಾರಿ. ಇಲಿ, ದನಗಳ ಮೂತ್ರದಿಂದ ನೀರಿಗೆ ಸೇರಿದ ರೋಗಾಣು ಪಾದದ ಸಣ್ಣ ಬಿರುಕಿನ ಮೂಲಕ ಒಳಸೇರುತ್ತದೆ. ಕಾಲಿಗೆ ಗಾಯವಿದ್ದರೆ ಮುಚ್ಚಿದ ಪಾದರಕ್ಷೆ ಅತ್ಯಗತ್ಯ.

ಮರಳಿದ ಮೇಲೆ ಬರುವ ಜ್ವರ

ಪ್ರಯಾಣ ಮನೆಯ ಬಾಗಿಲಿಗೆ ಮುಗಿಯುವುದಿಲ್ಲ. ಡೆಂಗಿ ಜ್ವರ ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನಗಳಲ್ಲಿ, ಇಲಿಜ್ವರ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಪ್ರವಾಸದ ನೆನಪು ಮಾಸಿರುತ್ತದೆ. ವೈದ್ಯರಿಗೆ ಹೇಳಬೇಕೆಂದು ತೋಚುವುದಿಲ್ಲ. ಮರಳಿದ ಒಂದು ತಿಂಗಳೊಳಗೆ ಜ್ವರ ಬಂದರೆ "ಇಂತಹ ದಿನ ಇಂತಹ ಊರಿಗೆ ಹೋಗಿದ್ದೆ" ಎಂಬುದೇ ವೈದ್ಯರಿಗೆ ಹೇಳುವ ಮೊದಲ ಮಾತಾಗಿರಲಿ. ಜ್ವರದೊಡನೆ ಮೀನಖಂಡದ ತೀವ್ರ ನೋವು, ಕೆಂಪುಗಣ್ಣು, ಹಳದಿ ಮೂತ್ರ, ಹೊಟ್ಟೆನೋವು, ವಸಡಿನಲ್ಲಿ ರಕ್ತ ಇವುಗಳಲ್ಲಿ ಯಾವುದೇ ಕಂಡರೂ ಅಂದೇ ರಕ್ತಪರೀಕ್ಷೆಯಾಗಬೇಕು. ಮೈನೋವಿಗೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವುದು ಡೆಂಗಿಯಲ್ಲಿ ರಕ್ತಸ್ರಾವಕ್ಕೆ ಕಾರಣವಾಗಬಹುದು.

ನಮ್ಮ ವೃತ್ತಿಬಾಂಧವರಲ್ಲಿಯೂ ಕೆಲವರು ಕಷಾಯ ಕುಡಿದರೆ ಯಾವ ಜ್ವರವೂ ಹತ್ತಿರ ಸುಳಿಯದೆಂದು ಹೇಳುವುದುಂಟು. ಕಷಾಯವು ಅಗ್ನಿಗೆ ಹಿತ, ಕಫಕ್ಕೆ ಹಿತ, ನಾನೂ ಕೊಡುತ್ತೇನೆ. ಅದು ಇಲಿಜ್ವರದ ರೋಗಾಣುವಿಗೆ ಬೇಲಿಯಲ್ಲ. ಪಪ್ಪಾಯಿ ಎಲೆಯ ರಸವನ್ನು ನೆಚ್ಚಿ ಮೂರು ದಿನ ಪರೀಕ್ಷೆ ತಡಮಾಡುವುದು ಆಯುರ್ವೇದಕ್ಕೆ ಗೌರವ ತರುವ ಕೆಲಸವಲ್ಲ. ರೋಗದ ಬಲ, ರೋಗಿಯ ಬಲ, ಕಾಲ ಇವುಗಳನ್ನು ತಿಳಿದು ನಡೆಯುವುದೇ ನಮ್ಮ ಶಾಸ್ತ್ರ.

ಮಳೆ ಮುಗಿದ ಮೇಲೆ ಹೋಗಿರೆಂದು ಹೇಳುವ ನಾನು ಆ ಕಾಲದ ಎಚ್ಚರಿಕೆಯನ್ನೂ ಹೇಳಬೇಕು. ಮಂಗನ ಕಾಯಿಲೆ ಮೊದಲು ಗುರುತಿಸಲ್ಪಟ್ಟದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆಹುಳುವಿನಿಂದ ಹರಡುವ ಈ ಜ್ವರ ಮಳೆ ನಿಂತ ಮೇಲೆ, ನವೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ಆಗ ಕಾಡಿನ ತರಗೆಲೆಯ ಮೇಲೆ ಕೂಡುವುದು, ಮಲಗುವುದು ಬೇಡ; ಮೈತುಂಬ ಬಟ್ಟೆಯಿರಲಿ; ಸತ್ತ ಮಂಗವನ್ನು ಕಂಡರೆ ದೂರ ಸರಿದು ಆರೋಗ್ಯ ಇಲಾಖೆಗೆ ತಿಳಿಸಿರಿ.

ಎರಡು ಆಕ್ಷೇಪಗಳು

ಮಳೆಯಿಲ್ಲದ ಮಲೆನಾಡು ಮಲೆನಾಡೇ ಅಲ್ಲವೆಂದು ಕಿರಿಯರು ಹೇಳುತ್ತಾರೆ. ಒಪ್ಪೋಣ. ಭಾದ್ರಪದದ ಕೊನೆಯಿಂದ ಮಳೆ ಇಳಿಮುಖವಾಗುತ್ತದೆ. ಅಕ್ಟೋಬರ್ ನಡುವಿನ ಹೊತ್ತಿಗೆ ನೈಋತ್ಯ ಮುಂಗಾರು ಸಾಮಾನ್ಯವಾಗಿ ನಮ್ಮ ನಾಡಿನಿಂದ ಹಿಂದೆ ಸರಿಯುತ್ತದೆ. ಆಗಲೂ ಹಸಿರು ಇರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ದಸರೆಯ ರಜೆಯೂ ಇರುತ್ತದೆ. ಮಳೆಯನ್ನೇ ನೋಡಬೇಕೆಂಬ ಗಟ್ಟಿಮುಟ್ಟಾದ ಯುವಕರು ಎಚ್ಚರಿಕೆಯ ಬಣ್ಣ ನೋಡಿಕೊಂಡು ಹೋಗಿಬರಲಿ. ಅಜ್ಜಿಯನ್ನೂ ಕೂಸನ್ನೂ ಆ ಆಸೆಗೆ ಒಡ್ಡುವುದು ಬೇಡ.

ದೇವರ ಮೇಲೆ ಭಾರ ಹಾಕಿ ಹೊರಟವರಿಗೆ ಏನೂ ಆಗುವುದಿಲ್ಲವೆಂದು ಹಿರಿಯರು ಹೇಳುತ್ತಾರೆ. ಅವರ ನಂಬಿಕೆಗೆ ನಾನು ತಲೆಬಾಗುತ್ತೇನೆ. ಆದರೆ ಶಿವನು ಕೊಟ್ಟ ಅರಿವನ್ನು ಬಳಸದೆ ಅವನ ಮೇಲೆ ಭಾರ ಹಾಕುವುದು ಭಕ್ತಿಯಾಗದು. ಇಷ್ಟಲಿಂಗವನ್ನು ಧರಿಸಿದ ಈ ಕಾಯವನ್ನು ಜೋಪಾನ ಮಾಡುವುದೂ ಪೂಜೆಯ ಒಂದು ಭಾಗವೇ ಆಗಿದೆ. ವೃದ್ಧ ತಾಯಿ "ಬಾ ಎಂದರೆ ಬರುತ್ತೇನಪ್ಪ" ಎಂದಾಗ ಅದು ಮಗನ ಮನಸ್ಸು ನೋಯಬಾರದೆಂದು ಆಡಿದ ಮಾತಾಗಿರಬಹುದು. ಆಕೆಯ ಕಾಲಿನ ಬಾವನ್ನು ನೋಡಿ ತೀರ್ಮಾನಿಸುವ ಹೊಣೆ ಮಗನದು.

ಆದ್ದರಿಂದ ಈ ಸಲ ಪ್ರಯಾಣದ ಮಾತು ಬಂದಾಗ ಮನೆಯವರೆಲ್ಲ ಒಂದು ಸಂಜೆ ಕೂಡಿ ಕುಳಿತುಕೊಳ್ಳಿರಿ. ಮನೆಯಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಯಾರೋ ಅವರನ್ನು ಮೊದಲು ಮಾತನಾಡಗೊಡಿರಿ. ಅವರು ಹೇಳಿದ ಕಾಲಕ್ಕೆ, ಅವರು ತಾಳಬಲ್ಲಷ್ಟು ದೂರಕ್ಕೆ ಹೋಗಿಬನ್ನಿರಿ. ಹೋದವರೆಲ್ಲರೂ ಆರೋಗ್ಯದಿಂದ ಮರಳಿ, ಮರುದಿನ ಎಂದಿನಂತೆ ಕಾಯಕಕ್ಕೆ ತೊಡಗುವಂತಾಗಲಿ.